ಬಾಯಿಗೆ ಇಳಿದ ಸೆಟ್ಟು

ನನ್ನ ಹೋಟೆಲಿನ ಬೋರ್ಡಿನ ಮೇಲೆ 'ಸೆಟ್ ದೋಸೆ' ಎಂದು ಬರೆಸಿದ ದಿನದಿಂದ ನನಗೆ ನೆಮ್ಮದಿ ಎಂಬುದಿಲ್ಲ. ಸೆಟ್ ಎಂದರೆ ಎಷ್ಟು ದೋಸೆ ಎಂಬ ವಿಷಯದಲ್ಲಿ ನಮ್ಮೂರು ಕಲ್ಯದಲ್ಲಿ ಈವತ್ತಿಗೂ ಒಮ್ಮತ ಮೂಡಿಲ್ಲ. ಎರಡು ಕೊಟ್ಟರೆ ಮೋಸ ಎನ್ನುತ್ತಾರೆ. ಮೂರು ಕೊಟ್ಟರೆ ಮಾಗಡಿಯಲ್ಲಿ ನಾಲ್ಕು ಕೊಡುತ್ತಾರೆ ಎನ್ನುತ್ತಾರೆ. ಇಂಗ್ಲಿಷಿನವರು ಹೋಗುವಾಗ ರೈಲು ಬಿಟ್ಟುಹೋದರು, ಸೇತುವೆ ಬಿಟ್ಟುಹೋದರು, ಅದೆಲ್ಲ ಸರಿ. ಇಂಥ ಪದಗಳನ್ನು ಅರ್ಥ ಹೇಳದೆ ಬಿಟ್ಟುಹೋಗಿದ್ದು ಮಾತ್ರ ದೊಡ್ಡ ತಪ್ಪು. ನಮ್ಮವರು ಕೈಗೆ ಸಿಕ್ಕಿದ್ದಕ್ಕೆಲ್ಲ ಅದನ್ನು ಅಂಟಿಸಿಬಿಟ್ಟರು. ಹೊಲದಲ್ಲಿ ಪಂಪ್‌ಸೆಟ್ಟು, ಮದುವೆಗೆ ಮೈಕ್‌ಸೆಟ್ಟು, ಪಡಸಾಲೆಯಲ್ಲಿ ಸೋಫಾಸೆಟ್ಟು, ಹೆಂಗಸರ ಕುತ್ತಿಗೆಗೆ ಚಿನ್ನದ ಸೆಟ್ಟು. ಹುಡುಗ ಹುಡುಗಿ ಒಪ್ಪಿದರೆ ಸೆಟ್ಟಾಯಿತು, ಒಪ್ಪದಿದ್ದರೆ ಸೆಟ್ಟಾಗಲಿಲ್ಲ. ಅದೂ ಸಾಲದೆಂದು ಮೊದಲ ಅರ್ಧ ನುಂಗಿ ಬರೀ 'ಸೆಟ್ಟು' ಎನ್ನುತ್ತಾರೆ. ಯಾವ ಸೆಟ್ಟು ಎಂಬುದನ್ನು ಕೇಳುವವನು ಊಹಿಸಿಕೊಳ್ಳಬೇಕು. ಹೀಗೆ ಊರೆಲ್ಲ ಊಹಿಸಿಕೊಂಡು ನಮ್ಮ ಸಿದ್ದಯ್ಯನ ಮಗಳ ಮದುವೆ ಇನ್ನೇನು ಮುರಿದೇಬಿತ್ತು ಎನ್ನುವ ತನಕ ಹೋಗಿತ್ತು.

ಬಿಡದಿಯಲ್ಲಿ ಕಾರಿನ ಫ್ಯಾಕ್ಟರಿ ಬಂದು, ಹೆಣ್ಣು ಹೆತ್ತವರೆಲ್ಲ ಗಂಡಿಗೆ ಎಷ್ಟು ಜಮೀನು ಎನ್ನುವುದನ್ನು ಬಿಟ್ಟು 'ಪರ್ಮನೆಂಟಾ?' ಎಂದು ಕೇಳಲು ಶುರುಮಾಡಿದ್ದ ಕಾಲ ಅದು. ಸಿದ್ದಯ್ಯ ನನ್ನ ಹೋಟೆಲಿನ ಹಳೆಯ ಗಿರಾಕಿ, ಅದಕ್ಕಿಂತ ಹಳೆಯ ಸ್ನೇಹಿತ. ಹೆಂಡತಿ ತೀರಿಕೊಂಡ ಮೇಲೆ ಮಗಳು ರಮ್ಯಾಳನ್ನು ಒಬ್ಬನೇ ಸಾಕಿದವನು. ಜಡೆ ಹಾಕುವುದನ್ನು ಕೂಡ ನನ್ನ ಹೆಂಡತಿ ಉಮಾಮಹೇಶ್ವರಿಯ ಹತ್ತಿರ ಕೂತು ಕಲಿತಿದ್ದ. ಮಗಳು ಬೆಳೆದಂತೆಲ್ಲ ಅವನ ಹಲ್ಲುಗಳು ಒಂದೊಂದಾಗಿ ಅವನನ್ನು ಬಿಟ್ಟುಹೋದವು. ಹಲ್ಲು ಹೋದದ್ದಕ್ಕೆ ಅವನಿಗೆ ಎಳ್ಳಷ್ಟೂ ದುಃಖವಿರಲಿಲ್ಲ.

"ಮುದ್ದೆ ನುಂಗೋ ವಂಶ ನಮ್ದು. ನುಂಗೋನಿಗೆ ಅಲ್ಲು ಯಾಕ್ಲಾ?" ಎಂದು ಟೀಯಲ್ಲಿ ಬನ್ನು ಅದ್ದುತ್ತ ಎಲ್ಲರೆದುರಿಗೂ ಹೇಳುತ್ತಿದ್ದ.

ಹೇಳಿ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ರಿಟೈರಾದ ರಾಮಲಿಂಗಯ್ಯ ಮೇಷ್ಟ್ರು ಹಲ್ಲು ಕಟ್ಟಿಸಿಕೊಂಡು ಬಂದಾಗ ಅವರಿಗೆ 'ಚನ್ನಪಟ್ಟಣದ ಬೊಂಬೆ' ಎಂದು ಹೆಸರಿಟ್ಟವನು ಇವನೇ. ಮೇಷ್ಟ್ರು ಹೋಟೆಲಿಗೆ ಬಂದರೆ ಸಾಕು, "ಸಾ, ಒಸಿ ನಗಿ, ಬಣ್ಣ ಹೋಗೈತಾ ನೋಡವ" ಎನ್ನುತ್ತಿದ್ದ. ಪಾಪ, ಮೇಷ್ಟ್ರು ಎರಡು ವರ್ಷ ನಗದೆ ಟೀ ಕುಡಿದರು.

ಅಷ್ಟರಲ್ಲಿ ರಮ್ಯಾಳಿಗೆ ಚನ್ನಪಟ್ಟಣದ ಸಂಬಂಧ ಬಂತು. ಹುಡುಗ ಜಯಕುಮಾರ್, ಬಿಡದಿಯ ಫ್ಯಾಕ್ಟರಿಯಲ್ಲಿ ಕೆಲಸ, ಪರ್ಮನೆಂಟು. ಗಂಡಿನ ಮನೆ ನೋಡುವುದಕ್ಕೆ ಹಿರಿಯರೆಂದು ನನ್ನನ್ನೂ ಕರೆದುಕೊಂಡು ಹೋದರು. ಆ ಮನೆಯ ಯಜಮಾನಿಕೆಯೆಲ್ಲ ಹುಡುಗನ ತಾಯಿ ವೆಂಕಟಲಕ್ಷ್ಮಮ್ಮನದು. ಗಂಡ ಇದ್ದಾರೆ, ಇದ್ದಾರೆ, ಅಷ್ಟೆ. ನಮ್ಮನ್ನು ಕೂರಿಸಿ ಆಯಮ್ಮ ತಟ್ಟೆ ತುಂಬ ನಿಪ್ಪಟ್ಟು ತಂದಿಟ್ಟರು. ಆ ನಿಪ್ಪಟ್ಟು ನೆಲಕ್ಕೆ ಬಿದ್ದಿದ್ದರೆ ನೆಲ ಒಡೆಯುತ್ತಿತ್ತು.

"ತಿನ್ನಿ ಬೀಗ್ರೇ, ನಾನೇ ಮಾಡಿದ್ದು. ನಾನು ತಿನ್ನಲ್ಲ, ಇವತ್ತು ನಂದು ಒಪ್ಪೊತ್ತು" ಎಂದು ಒಂದನ್ನು ಸಿದ್ದಯ್ಯನ ಕೈಗೇ ಕೊಟ್ಟು ಎದುರಿಗೆ ಕೂತರು.

ಸಿದ್ದಯ್ಯನ ಮೀಸೆ ದಪ್ಪ, ತುಟಿ ಮುಚ್ಚುತ್ತದೆ. ಅವನಿಗೆ ಹಲ್ಲಿಲ್ಲ ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೊಸ ಬೀಗರ ಎದುರಿಗೆ ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗಿ ಮುರಿದು ಅರ್ಧ ನಿಪ್ಪಟ್ಟನ್ನು ಬಾಯಿಗೆ ಹಾಕಿಕೊಂಡುಬಿಟ್ಟ. ಹಾಕಿಕೊಂಡದ್ದೇನೋ ಆಯಿತು. ಅಗಿಯಲು ಆಗದು, ನುಂಗಲು ಆಗದು, ಉಗಿಯಲು ಜಾಗವಿಲ್ಲ. ಪೆಪ್ಪರಮಿಂಟಿನ ಹಾಗೆ ಒಂದು ಕೆನ್ನೆಯಲ್ಲಿಟ್ಟುಕೊಂಡು ಕೂತ.

"ಹುಡುಗಿಗೆ ಅಡ್ಗೆ ಬತ್ತದಾ?"

"ಹ್ಞೂಂ."

"ನಮ್ ಮನೆ ಒಪ್ಗೆ ಆಯ್ತಾ?"

"ಹ್ಞೂಂ."

"ಕೊಡೋದು ತಗೊಳ್ಳೋದು ನಮ್ಗೇನೂ ಬ್ಯಾಡ. ನಿಮ್ದೇನಾದ್ರೂ ಐತಾ?"

ಸಿದ್ದಯ್ಯ ತಲೆಯನ್ನು ಎರಡು ಕಡೆಗೂ ನಿಧಾನವಾಗಿ ಆಡಿಸಿದ. ವೆಂಕಟಲಕ್ಷ್ಮಮ್ಮ ಕರಗಿಹೋದರು. "ಎಂಥಾ ತೂಕದ ಮನ್ಸ. ಒಂದ್ ಮಾತು ಎಚ್ಚಿಲ್ಲ, ಒಂದ್ ಮಾತು ಕಮ್ಮಿಯಿಲ್ಲ" ಎಂದು ಅಲ್ಲಿದ್ದವರಿಗೆಲ್ಲ ಹೇಳಿದರು. ಸಂಬಂಧ ಅಲ್ಲೇ ಕುದುರಿತು.

ಬಸ್ಸು ರಾಮನಗರ ದಾಟಿದ ಮೇಲೆ ನಿಪ್ಪಟ್ಟು ಕೊನೆಗೂ ಕರಗಿ ಸಿದ್ದಯ್ಯನಿಗೆ ಮಾತು ಬಂತು. ಮಾತಿನ ಜೊತೆ ಕಣ್ಣಲ್ಲಿ ನೀರೂ ಬಂತು.

"ಲಿಂಗಪ್ಪಣ್ಣ, ಇವತ್ತೇನೋ ತಪ್ಪುಸ್ಕೊಂಡೆ. ಮದ್ವೆ ಆದ್ಮೇಲೆ ಬಾಡಿನ ಬೀಗರೂಟ ಐತಲ್ಲ. ಆಯಮ್ಮ ಎದುರ್ಗೇ ಕುಂತಿರ್ತಾರೆ. ಮೂಳೆ ಕಡೀದೆ ಎಲೆ ಮ್ಯಾಲೆ ಬುಟ್ರೆ ಹೆಣ್ಣಿನಪ್ಪ ಮುದುಕ ಅಂತ ನನ್ ಮಗಳ್ನ ಆಡ್ಕೊಳಲ್ವಾ?"

ನಾನು ಲಿಂಗ ಕಟ್ಟಿದವನು. ಮೂಳೆ ಕಡಿಯುವ ಕಷ್ಟದ ಆಳ ನನಗೆ ಪೂರ್ತಿ ಗೊತ್ತಾಗಲಿಲ್ಲ. "ಹಲ್ಲು ಕಟ್ಟಿಸ್ಕೊ ಮಾರಾಯ, ಒಂದು ಸೆಟ್ಟು" ಎಂದೆ.

"ಕಟ್ಟುಸ್ಕೊಂಡ್ರೆ ಮೇಷ್ಟ್ರು ನನ್ನ ಬುಟ್ಟಾರಾ?" ಎಂದು ಯೋಚಿಸಿ, ಬಸ್ಸಿನಲ್ಲೇ ನನ್ನ ಕೈ ಹಿಡಿದು ಮಾಗಡಿ ರಂಗನಾಥನ ಮೇಲೆ ಆಣೆ ಹಾಕಿಸಿಕೊಂಡ. ಹಲ್ಲಿನ ಸುದ್ದಿ ಯಾರಿಗೂ, ನನ್ನ ಹೆಂಡತಿಗೂ ಹೇಳಬಾರದು. ಮಾರನೆಯ ವಾರವೇ ರಾಮನಗರದ ಒಬ್ಬ ಹಲ್ಲಿನ ಡಾಕ್ಟರಿಗೆ ಬಾಯಿ ಅಳತೆ ಕೊಟ್ಟು ಬಂದ.

ಆಗ ಕಲ್ಯಕ್ಕೆಲ್ಲ ಇದ್ದದ್ದು ನನ್ನ ಗಲ್ಲಾಪೆಟ್ಟಿಗೆಯ ಪಕ್ಕದ ಕಾಯಿನ್ ಫೋನು ಒಂದೇ. ಒಂದು ಬೆಳಗ್ಗೆ ಹೋಟೆಲು ತುಂಬಿರುವಾಗ ಸಿದ್ದಯ್ಯ ಬಂದು ಕಾಸು ಹಾಕಿ ಡಾಕ್ಟರಿಗೆ ಫೋನು ಮಾಡಿದ. ಅವನು ಫೋನಿನಲ್ಲಿ ಮಾತಾಡಿದರೆ ತಂತಿಯ ಹಂಗಿಲ್ಲದೆಯೇ ಕನಕಪುರಕ್ಕೆ ಕೇಳಿಸುತ್ತದೆ.

"ಸಾ, ನಾನು ಕಲ್ಯದ ಸಿದ್ದಯ್ಯ. ನಮ್ ಸೆಟ್ಟು ಏನಾಯ್ತು ಸಾ?"

ಹೋಟೆಲಿನಲ್ಲಿ ಲೋಟಗಳ ಸದ್ದು ನಿಂತಿತು.

"ಮ್ಯಾಗಳದು ಕೆಳಗಳದು ಎಲ್ಡೂ ಒಟ್ಗೇ ಬತ್ತದಾ? ಸರಿ ಸಾ. ಬಾಯಿ ಅಳತೆ ಅವತ್ತೇ ತಗಂಡ್ರಲ್ಲ... ಹ್ಞಾಂ? ರಾತ್ರಿಯೆಲ್ಲ ನೀರೊಳ್ಗೇ ಬುಟ್ಟಿರ್ಬೇಕಾ? ಆಗ್ಲಿ ಸಾ. ನಿಶ್ಚಿತಾರ್ಥಕ್ಕೆ ಮುಂಚೆ ಬಾಯಿಗೆ ಇಳಿಸ್ಬುಡ್ಬೇಕು, ಬೀಗರ ಮುಂದೆ ಮಾನದ ಪ್ರಶ್ನೆ."

ನಮ್ಮ ಸೀಮೆಯ ಒಂದು ವಿಷಯ ಇಲ್ಲಿ ಹೇಳಬೇಕು. ನಮ್ಮಲ್ಲಿ ಬಾವಿಗೂ ಬಾಯಿ ಎಂದೇ ಅನ್ನುತ್ತಾರೆ. ಮುಖದಲ್ಲಿರುವುದೂ ಬಾಯಿ, ಹೊಲದಲ್ಲಿರುವುದೂ ಬಾಯಿ. ಇಷ್ಟು ವರ್ಷದಲ್ಲಿ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಯಾಕೆಂದರೆ ಎರಡಕ್ಕೂ ಹಾಕುವಂಥ ಸೆಟ್ಟು ಒಂದಿದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಮೂಲೆಯಲ್ಲಿ ಟೀ ಕುಡಿಯುತ್ತಿದ್ದ ಸಿದ್ದಯ್ಯನ ತಮ್ಮ ವೆಂಕಟಯ್ಯ ಲೋಟ ಕೆಳಗಿಟ್ಟ. ಅಣ್ಣತಮ್ಮಂದಿರಿಗೆ ಭಾಗವಾದಾಗ ಹೊಲ ಎರಡಾಗಿತ್ತು, ಬಾವಿ ಮಾತ್ರ ಜಂಟಿಯಾಗಿ ಉಳಿದಿತ್ತು. ಅಣ್ಣ ತನಗೆ ಹೇಳದೆ ಆ ಬಾವಿಗೆ ಪಂಪ್‌ಸೆಟ್ಟು ಇಳಿಸುತ್ತಿದ್ದಾನೆ, ಅದೂ ರಾತ್ರಿಯೆಲ್ಲ ನೀರೊಳಗೇ ಬಿಡುವ ಸಬ್‌ಮರ್ಸಿಬಲ್ಲು, ಒಂದಲ್ಲ ಎರಡು, ಎಂದು ಅವನಿಗೆ ಖಾತ್ರಿಯಾಯಿತು. ಸಿದ್ದಯ್ಯ ಹೋದ ಮೇಲೆ ನನ್ನ ಹತ್ತಿರ ಬಂದ.

"ಲಿಂಗಪ್ಪೋರೆ, ನೀವು ಅವನ ಜೀವದ ಗೆಣೆಕಾರ್ರು. ನಿಜ ಹೇಳಿ, ಎಷ್ಟು ಎಚ್‌ಪಿ ಸೆಟ್ಟು?"

"ಅದು ಪಂಪ್‌ಸೆಟ್ಟಲ್ಲ ವೆಂಕಟಯ್ಯ."

"ಮತ್ತೆ ಇನ್ಯಾವ ಸೆಟ್ಟು?"

ರಂಗನಾಥಸ್ವಾಮಿ ಎದುರಿಗೆ ನಿಂತಂತಾಯಿತು. "ಅದನ್ನ ಹೇಳೋ ಹಾಗಿಲ್ಲ" ಎಂದೆ.

"ಓಹೋ, ನಿಮ್ಮದೂ ಪಾಲು ಐತೆ ಅನ್ನಿ" ಎಂದವನೇ ಮಾಗಡಿ ಬಸ್ಸು ಹತ್ತಿ ಕರೆಂಟ್ ಆಫೀಸಿಗೆ ಹೋದ.

ಒಲೆಯ ಮುಂದಿದ್ದ ಉಮಾಮಹೇಶ್ವರಿಗೆ ಬೇರೆಯೇ ಕೇಳಿಸಿತ್ತು. ಮೇಲಿನದು ಓಲೆ, ಕೆಳಗಿನದು ಜುಮುಕಿ, ಅಳತೆ ಕೊಟ್ಟದ್ದು ಬಳೆಗೆ. ಸಂಜೆ ಹಿಟ್ಟು ರುಬ್ಬುತ್ತ ಶುರುವಾಯಿತು.

"ಏನೂಂದ್ರೆ, ಹೆಂಡ್ತಿ ಇಲ್ಲದ ಗಂಡಸು ಮಗಳಿಗೆ ಅಂತ ಚಿನ್ನದ ಸೆಟ್ಟಿಗೆ ಆರ್ಡರ್ ಕೊಟ್ಟವ್ನೆ. ನಮ್ಮನೇಲಿ ಇರೋ ಸೆಟ್ಟು ಅಂದ್ರೆ ದೋಸೆ ಒಂದೇ."

"ಅದು ಚಿನ್ನದ ಸೆಟ್ಟಲ್ಲ ಕಣೆ."

"ನಿಮಗೆ ಹೇಗೆ ಗೊತ್ತು?"

ನಾನು ಬಾಯಿ ಮುಚ್ಚಿಕೊಂಡೆ. ಮುಖದ ಬಾಯಿ. ಅವತ್ತಿನಿಂದ ನನಗೆ ಬಡಿಸುವ ಸಾರಿಗೆ ಉಪ್ಪು ಕಮ್ಮಿಯಾಯಿತು.

ಅದಾದ ಎರಡು ದಿನಕ್ಕೆ ಚನ್ನಪಟ್ಟಣದಿಂದ ವೆಂಕಟಲಕ್ಷ್ಮಮ್ಮನ ಫೋನು ಬಂತು. ನಾನು ತರಕಾರಿಗೆ ಹೋಗಿದ್ದೆ. ಎತ್ತಿಕೊಂಡವಳು ನನ್ನ ಹೆಂಡತಿ. ಬೀಗರು ಹೇಗಿದ್ದಾರೆ ಎಂದು ಆಕೆ ಕೇಳಿದರೆ ಇವಳು, "ಸೆಟ್ಟು ಮಾಡುಸ್ತಾವ್ರೆ ಕಣಕ್ಕ. ಮ್ಯಾಲಿಂದು ಕೆಳಗಿಂದು ಎಲ್ಲಾ. ನಿಶ್ಚಿತಾರ್ಥದೊತ್ತಿಗೆ ಬಂದ್ಬುಡ್ತದಂತೆ" ಎಂದು ಹೇಳಿ ಇಟ್ಟಳು. ಏನೂ ಬೇಡ ಎಂದಿದ್ದ ವೆಂಕಟಲಕ್ಷ್ಮಮ್ಮನಿಗೆ ಸೆಟ್ಟು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಬೇಡ ಎನ್ನುವ ಮನಸ್ಸು ಬರಲಿಲ್ಲ. ಅಷ್ಟೇ ಆಗಿದ್ದರೆ ಸರಿ, ಬೀದಿಯ ಹೆಂಗಸರನ್ನೆಲ್ಲ ನಿಶ್ಚಿತಾರ್ಥಕ್ಕೆ ಬನ್ನಿ, ಸೊಸೆಯ ಸೆಟ್ಟು ನೋಡುವಿರಂತೆ ಎಂದು ಕರೆದುಬಿಟ್ಟರು.

ತಾಯಿ ಮಗನಿಗೆ ಹೇಳಿದರು. ಮಗನಿಗೆ ಚಿನ್ನದ ಯೋಚನೆ ಎಲ್ಲಿಂದ ಬರಬೇಕು? ಬಿಡದಿಯ ಬಾಡಿಗೆ ಮನೆಯಲ್ಲಿ ಚಾಪೆಯ ಮೇಲೆ ಕೂತು ಸಾಕಾಗಿದ್ದವನು. ಒಂದು ಸಂಜೆ ಬೈಕಿನಲ್ಲಿ ಬಂದು, ತಲೆ ತಗ್ಗಿಸಿಕೊಂಡು ನನ್ನ ಗಲ್ಲಾಪೆಟ್ಟಿಗೆಯ ಹತ್ತಿರ ನಿಂತ.

"ಅಂಕಲ್, ಕೇಳ್ಬಾರ್ದು, ಆದ್ರೂ... ಮಾವ ಮಾಡುಸ್ತಿರೋ ಸೆಟ್ಟು ತ್ರೀ ಪ್ಲಸ್ ಟೂ ನಾ, ತ್ರೀ ಪ್ಲಸ್ ಒನ್ ಪ್ಲಸ್ ಒನ್ನಾ?"

"ನಂಗೆ ಗೊತ್ತಿರೋ ಮಟ್ಟಿಗೆ ಮೇಲೊಂದು, ಕೆಳಗೊಂದು" ಎಂದೆ. ಆಣೆಗೆ ಇಷ್ಟರಿಂದ ಭಂಗವಾಗದು ಎನ್ನಿಸಿತು.

"ಮೇಲೊಂದು ಕೆಳಗೊಂದಾ?" ಎಂದು ಆ ಹುಡುಗ ಬಹಳ ಹೊತ್ತು ಯೋಚಿಸಿದ. ಇಷ್ಟು ಎತ್ತರದ ಸೋಫಾಸೆಟ್ಟು ತನ್ನ ಬಾಗಿಲಲ್ಲಿ ಹಿಡಿಸದು ಎಂದು ಮರುದಿನವೇ ಬಾಡಿಗೆ ಮನೆಯ ಬಾಗಿಲ ಚೌಕಟ್ಟು ಕೀಳಿಸಿದನಂತೆ. ಮನೆ ಓನರು ನಜೀರ್ ಸಾಹೇಬರು ಚೌಕಟ್ಟಿಲ್ಲದ ಬಾಗಿಲಲ್ಲಿ ನಿಂತು, "ಮದುವೆ ಆಗೋದು ನೀನಪ್ಪಾ, ಮನೆ ನಂದು" ಎಂದು ಕೂಗಾಡಿದರಂತೆ.

ಇತ್ತ ವೆಂಕಟಯ್ಯ ಕರೆಂಟ್ ಆಫೀಸಿನ ಸಾಹೇಬರೊಬ್ಬರನ್ನು ಜೀಪಿನಲ್ಲಿ ಕರೆತಂದ. ಸಿದ್ದಯ್ಯ ನನ್ನ ಹೋಟೆಲಿನಲ್ಲಿ ಬನ್ನು ಅದ್ದುತ್ತಿದ್ದ.

"ನೀನೇನಯ್ಯ ಸಿದ್ದಯ್ಯ? ಸೆಟ್ಟು ಇಳಿಸ್ತಾ ಇದ್ದೀಯಂತೆ?"

ಸಿದ್ದಯ್ಯ ನನ್ನನ್ನು ಕಣ್ಣಲ್ಲೇ ಸುಟ್ಟುಬಿಡುವ ಹಾಗೆ ನೋಡಿದ. ನಾನಲ್ಲ ಎಂದು ಸೌಟಿನಲ್ಲೇ ಸನ್ನೆ ಮಾಡಿದೆ.

"ಯಾರು ಏಳಿದ್ರು ಸಾ?"

"ಯಾರೋ ಹೇಳಿದ್ರು. ಪರ್ಮಿಷನ್ ಎಲ್ಲಿ?"

"ಅದುಕ್ಕೂ ಪರ್ಮಿಷನ್ ಬೇಕಾ ಸಾ?"

"ಮತ್ತೆ? ನಿಮ್ಮಿಷ್ಟ ಬಂದಂಗೆ ಇಳಿಸ್ಕೊಂಡು ಹೋದ್ರೆ ಗೌರ್ಮೆಂಟು ಸುಮ್ನೆ ಇರ್ತದಾ?"

"ನನ್ ಸ್ವಂತ ಬಾಯಿ ಸಾ ಅದು."

"ಸ್ವಂತ ಎಂಗಾಯ್ತದೆ ಅಣ್ಣಯ್ಯ?" ವೆಂಕಟಯ್ಯ ಮುಂದೆ ಬಂದ. "ಆ ಬಾಯಲ್ಲಿ ನಂದೂ ಅರ್ಧ ಐತೆ. ಅಪ್ಪ ಸಾಯೋವಾಗ ಇಬ್ರಿಗೂ ಅಂತ ತಾನೇ ಬುಟ್ಟೋಗಿದ್ದು?"

ಸ್ವಂತ ತಮ್ಮ ತನ್ನ ಬಾಯಿಯಲ್ಲಿ ಅರ್ಧ ಕೇಳುತ್ತಿರುವುದನ್ನು ಕಂಡು ಸಿದ್ದಯ್ಯ ಬೆವರಿಬಿಟ್ಟ. ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡು, ಬೆರಳ ಸಂದಿನಿಂದ, "ನಿನ್ಗೆ ಬ್ಯಾರೆ ಬಾಯಿ ಇಲ್ವೇನ್ಲಾ?" ಎಂದ.

"ಇದ್ದಿದ್ರೆ ನಿನ್ ಬಾಯಿಗೆ ಯಾಕ್ ಬತ್ತಿದ್ದೆ?"

"ಸುಮ್ನಿರಿ ಇಬ್ರೂ" ಎಂದರು ಸಾಹೇಬರು. "ಎಷ್ಟು ಕೆಪ್ಯಾಸಿಟಿದಯ್ಯ ಅದು?"

"ಅದೆಲ್ಲ ಗೊತ್ತಿಲ್ಲ ಸಾ. ಮೂಳೆ ಕಡಿಯೋವಷ್ಟು ಇದ್ರೆ ಸಾಕು ಅಂದಿದ್ದೀನಿ."

ಸಾಹೇಬರು ಸಿದ್ದಯ್ಯನನ್ನೂ ಅವನ ಮುಂದಿನ ಟೀ ಲೋಟವನ್ನೂ ಬಗ್ಗಿ ಮೂಸಿದರು. ಬೆಳಗ್ಗೆ ಬೆಳಗ್ಗೆಯೇ ಕುಡಿದಿದ್ದಾನೆ ಎಂದುಕೊಂಡಿರಬೇಕು. "ಇಳಿಸೋದು ಯಾವತ್ತು?" ಎಂದು ವೆಂಕಟಯ್ಯನನ್ನೇ ಕೇಳಿದರು. ನಿಶ್ಚಿತಾರ್ಥದ ದಿನ ಎಂದ. "ಅವತ್ತೇ ಬಂದು ಸೀಜ್ ಮಾಡ್ತೀನಿ" ಎಂದು ಜೀಪು ಹತ್ತಿದರು. ಸಿದ್ದಯ್ಯ ಟವೆಲಿನಿಂದ ಬಾಯಿ ಕಟ್ಟಿಕೊಂಡು ಹಿಂದಿನ ಬಾಗಿಲಿಂದ ಹೋದ. ಬನ್ನು ಟೀಯಲ್ಲಿ ಮುಳುಗಿಹೋಗಿತ್ತು.

ಇದಾದ ಮೇಲೆ ಅವನು ಹೋಟೆಲಿನ ಕಡೆ ತಲೆ ಹಾಕಲಿಲ್ಲ. ಗುಟ್ಟಾಗಿ ರಾಮನಗರಕ್ಕೆ ಹೋಗಿ ಸೆಟ್ಟು ತಂದು, ಕದ ಹಾಕಿಕೊಂಡು ಹಾಕಿ ತೆಗೆದು ಅಭ್ಯಾಸ ಮಾಡುತ್ತಿದ್ದ. ನಿಶ್ಚಿತಾರ್ಥದ ಬೆಳಗ್ಗೆ ಅವನ ಮನೆ ಮುಂದಿನ ಚಪ್ಪರಕ್ಕೆ ಹೋದಾಗ ನನಗೇ ಗುರುತು ಸಿಗಲಿಲ್ಲ. ಕೆನ್ನೆ ತುಂಬಿಕೊಂಡಿತ್ತು, ದವಡೆ ಎದ್ದು ನಿಂತಿತ್ತು. ಮಗಳ ಮದುವೆಯ ಕಳೆ ಎಂದು ಜನ ಮಾತಾಡಿಕೊಂಡರು. ಆದರೆ ಹೊಸ ಸೆಟ್ಟು ಬ್ಯಾಂಡಿನವರ ಹೊಸ ಬೂಟಿನ ಹಾಗೆ ಕಚ್ಚುತ್ತಿತ್ತು. ಮಾತಾಡಿದರೆ 'ಸ' ಎಲ್ಲ 'ಶ' ಆಗಿ ಕೊನೆಗೊಂದು ಸಿಳ್ಳು ಬರುತ್ತಿತ್ತು.

ಚನ್ನಪಟ್ಟಣದ ಟೆಂಪೋ ಬಂತು. ಇಳಿದ ಹೆಂಗಸರು ಒಬ್ಬರೂ ಚಪ್ಪರದಲ್ಲಿ ಕೂರಲಿಲ್ಲ. ನೇರ ಒಳಗೆ ಹೋಗಿ ರಮ್ಯಾಳ ಕುತ್ತಿಗೆ ನೋಡಿದರು, ಕಿವಿ ನೋಡಿದರು, ತಾಯಿಯ ಕಾಲದ ಒಂದೆಳೆ ಸರ ಬಿಟ್ಟರೆ ಏನೂ ಕಾಣದೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊರಗೆ ಬಂದರು. ಟೆಂಪೋದ ಹಿಂದೆ ಜಯಕುಮಾರ್ ಖಾಲಿ ಲಗೇಜ್ ಆಟೋ ಒಂದನ್ನು ಬೇರೆ ತಂದಿದ್ದ.

ವೆಂಕಟಲಕ್ಷ್ಮಮ್ಮ ತಾಂಬೂಲದ ತಟ್ಟೆ ಚಾಪೆಯ ಮೇಲಿಟ್ಟು ಮೆಲ್ಲಗೆ ಕೇಳಿದರು. "ಬೀಗ್ರೇ, ಎಲ್ಲಾ ಐತೆ. ಆ ಸೆಟ್ಟು ಒಂದು ಕಾಣಿಸ್ಲಿಲ್ಲ."

ಇವರಿಗೂ ಗೊತ್ತಾಗಿಹೋಗಿದೆ ಎಂದು ಸಿದ್ದಯ್ಯನ ಎದೆ ಒಡೆಯಿತು. ಆದರೆ ಕಾಣಿಸುತ್ತಿಲ್ಲ ಎಂದರಲ್ಲ, ಅದೊಂದು ಸಮಾಧಾನ. "ಕಾಣಿಶ್ತಿಲ್ವಾ?" ಎಂದ, ಒಸಿ ಹಿಗ್ಗಿನಿಂದಲೇ. "ಯಾರ್ಗೂ ಕಾಣಿಶ್ಬಾರ್ದು ಅಂತ್ಲೇ ಏಳಿ ಮಾಡ್ಶಿದ್ದೀನಿ."

ವೆಂಕಟಲಕ್ಷ್ಮಮ್ಮನ ಮುಖದ ಬಣ್ಣ ಬದಲಾಯಿತು. "ಕಾಣಿಸ್ಬಾರ್ದು ಅಂತ ಯಾರಾದ್ರೂ ಮಾಡುಸ್ತಾರಾ? ಎಲ್ಲಿ ಮಡ್ಗಿದ್ದೀರಿ ಸೆಟ್ಟನ್ನ?"

"ಇಲ್ಲೇ ಐತೆ ಶೆಟ್ಟು."

"ಯಾವ ಶೆಟ್ರು?" ಎಂದು ಹಿಂದಿನಿಂದ ಯಾರೋ ಕೇಳಿದರು.

ಅದೇ ಹೊತ್ತಿಗೆ ಜೀಪು ಬಂತು. ವೆಂಕಟಯ್ಯ ಇಳಿಯುವಾಗಲೇ ಕೂಗಿದ. "ಬುಡ್ಬೇಡಿ ಸಾ, ಸೆಟ್ಟನ್ನ ಬಾಯೊಳ್ಗೆ ಇಳಿಸ್ಬುಟ್ಟವ್ನೆ."

"ಚಿನ್ನದ ಸೆಟ್ಟನ್ನ ಬಾಯೊಳಕ್ಕಾ?" ವೆಂಕಟಲಕ್ಷ್ಮಮ್ಮ ಎದ್ದು ನಿಂತರು.

"ಸೋಫಾನ ಬಾಯೊಳಕ್ಕಾ?" ಎಂದ ಜಯಕುಮಾರ್. ಅವನ ಪ್ರಶ್ನೆಯನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮನೆಯ ಹಿಂದಿನ ಹೊಲದಲ್ಲೇ ಬಾವಿ. ಚಪ್ಪರದ ಜನವೆಲ್ಲ, ರೇಷ್ಮೆ ಸೀರೆಯವರೂ ಸೇರಿ, ಬಾವಿಯ ಕಡೆಗೆ ಓಡಿದರು. ಬಗ್ಗಿ ನೋಡಿದರೆ ಒಳಗೆ ಪೈಪು ಇತ್ತು, ವೈರು ಇತ್ತು, ಒಂದು ಹಳೆಯ ಪಂಪ್‌ಸೆಟ್ಟೂ ಇತ್ತು. ವೈರು ಮೇಲೆ ಹೋಗಿ ಕರೆಂಟಿನ ತಂತಿಗೆ ಕೊಕ್ಕೆಯಲ್ಲಿ ನೇತಾಡುತ್ತಿತ್ತು.

"ಇದು ಯಾರದು?" ಎಂದರು ಸಾಹೇಬರು.

ಎಲ್ಲರೂ ವೆಂಕಟಯ್ಯನನ್ನು ನೋಡಿದರು. ಕೊಕ್ಕೆ ಹಾಕಿ ಎಷ್ಟು ಕಾಲವಾಗಿತ್ತೆಂದರೆ ಅದು ತನ್ನದೇ ಎಂಬುದು ಸಿಟ್ಟಿನ ಭರದಲ್ಲಿ ಅವನಿಗೆ ಮರೆತೇಹೋಗಿತ್ತು. ಸಾಹೇಬರು ಅವನ ಭುಜದ ಮೇಲೆ ಕೈಹಾಕಿ, ಬಹಳ ಪ್ರೀತಿಯಿಂದ, ಜೀಪಿನ ಕಡೆಗೆ ಕರೆದುಕೊಂಡು ಹೋದರು.

ಆದರೆ ಬೀಗರ ಪ್ರಶ್ನೆ ಹಾಗೇ ಉಳಿಯಿತು. ವೆಂಕಟಲಕ್ಷ್ಮಮ್ಮ ಚಪ್ಪರಕ್ಕೆ ವಾಪಸು ಬಂದು ತಾಂಬೂಲದ ತಟ್ಟೆಯ ಮುಂದೆ ನಿಂತರು.

"ಚಿನ್ನ ಕೊಡಿ ಅಂತ ನಾವು ಬಾಯ್ಬುಟ್ಟು ಕೇಳಿರ್ಲಿಲ್ಲ. ಮಾಡುಸ್ತೀನಿ ಅಂತ ನಿಮ್ ಕಡೆಯಿಂದ್ಲೇ ಸುದ್ದಿ ಬಂತು. ಈಗ ನೋಡಿದ್ರೆ ಕಾಣಿಸ್ಬಾರ್ದು ಅಂತೀರಿ, ಬಾಯೊಳ್ಗೈತೆ ಅಂತೀರಿ. ತೂಕದ ಮನ್ಸ ಅಂದ್ಕೊಂಡಿದ್ದೆ. ಸುಳ್ಳು ಹೇಳೋ ಮನೆ ಹೆಣ್ಣು ನಮ್ಗೆ ಬ್ಯಾಡ. ಜಯಕುಮಾರ, ಟೆಂಪೋ ತಿರುಗ್ಸಕ್ಕೆ ಹೇಳು."

ನನಗೆ ತಡೆಯಲಾಗಲಿಲ್ಲ. ರಂಗನಾಥನಿಗೆ ಆಮೇಲೆ ತಪ್ಪುಕಾಣಿಕೆ ಹಾಕಿದರಾಯಿತು ಎಂದು ಬಾಯಿ ತೆಗೆಯುವಷ್ಟರಲ್ಲಿ ರಮ್ಯಾ ಒಳಗಿನಿಂದ ಬಂದು ಅಪ್ಪನ ಪಕ್ಕ ನಿಂತಳು.

"ತೆಗ್ದು ತೋರ್ಸ್ಬುಡಪ್ಪ" ಎಂದಳು.

ಸಿದ್ದಯ್ಯ ಬೆಚ್ಚಿ ಮಗಳ ಮುಖ ನೋಡಿದ. ದೇವರ ಪಟದ ಹಿಂದೆ ನೀರಿನ ಬಟ್ಟಲಿಟ್ಟು ರಾತ್ರಿ ಅದರಲ್ಲಿ ಹಲ್ಲು ಹಾಕುತ್ತಿದ್ದ. ಬೆಳಗ್ಗೆ ದೀಪ ಹಚ್ಚುವವಳು ಅವಳು. ಮೊದಲ ದಿನವೇ ನೋಡಿದ್ದಳು. ಅಪ್ಪನಿಗೆ ನಾಚಿಕೆಯಾಗುತ್ತದೆ ಎಂದು ಬಟ್ಟಲಿನ ನೀರು ಬದಲಾಯಿಸಿ ಸುಮ್ಮನಿದ್ದಳು. ಇವನೋ, ಬೆಳಗ್ಗೆ ನೀರು ತಿಳಿಯಾಗಿರುವುದು ಸೆಟ್ಟಿನ ಗುಣ ಎಂದುಕೊಂಡಿದ್ದ.

ಅವನು ಮೀಸೆಯ ಕೆಳಗೆ ಕೈಹಾಕಿ ಮೇಲಿನದನ್ನು ತೆಗೆದ, ಕೆಳಗಿನದನ್ನು ತೆಗೆದ. ಎರಡನ್ನೂ ಟವೆಲಿನಲ್ಲಿ ಒರೆಸಿ ತಾಂಬೂಲದ ತಟ್ಟೆಯಲ್ಲಿ ವೀಳ್ಯದೆಲೆಯ ಮೇಲೆ ಇಟ್ಟ. ಅವು ಅಲ್ಲಿಂದ ಬೀಗರನ್ನು ನೋಡಿ ನಗುತ್ತಿದ್ದವು.

"ಇದೇ ತಾಯಿ ಸೆಟ್ಟು" ಎಂದ. ಸಿಳ್ಳು ಹೋಗಿ ಹಳೆಯ ಮಾತು ಬಂದಿತ್ತು. "ಇನ್ಯಾವ ಸೆಟ್ಟೂ ನನ್ತಾವ ಇಲ್ಲ. ನಿಮ್ ಮನೆ ನಿಪ್ಪಟ್ಟು ಅಗಿಯಕ್ಕಾಗ್ದೆ ದವಡೇಲಿ ಮಡಿಕ್ಕೊಂಡು ಕುಂತಿದ್ದೆ. ಅದುಕ್ಕೇ ಅವತ್ತು ಮಾತಾಡ್ಲಿಲ್ಲ. ತೂಕದ ಮನ್ಸ ಅಲ್ಲ ನಾನು, ಬೊಚ್ಚುಬಾಯೋನು. ಬೀಗರೂಟದಲ್ಲಿ ನನ್ ಮಗಳ್ನ ಯಾರೂ ಆಡ್ಕೊಬಾರ್ದು ಅಂತ ಮಾಡುಸ್ಕೊಂಡೆ. ತಪ್ಪಾಗಿದ್ರೆ ನಂದು, ಅವಳ್ದೇನಿಲ್ಲ."

ವೆಂಕಟಲಕ್ಷ್ಮಮ್ಮ ತಟ್ಟೆಯ ಮೇಲೆ ಬಗ್ಗಿದರು. ಬಹಳ ಹೊತ್ತು ನೋಡಿದರು. ಮೇಲಿನದನ್ನು ಎತ್ತಿ ಒಳಭಾಗವನ್ನು ಬೆರಳಿನಿಂದ ಸವರಿದರು.

"ಯಾರು ಕಟ್ಟಿದ್ದು ಇದ್ನ? ಎಷ್ಟು ನೈಸಾಗೈತೆ" ಎಂದರು. "ನಂದು ಎಡಗಡೆ ಒತ್ತಿ ಒತ್ತಿ ಪ್ರಾಣ ತಿಂತದೆ."

ಆಡಿದ ಮೇಲೆಯೇ ಆಯಮ್ಮನಿಗೆ ತಾವು ಏನಂದೆವೆಂದು ಗೊತ್ತಾದದ್ದು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವತ್ತಿನ ಒಪ್ಪೊತ್ತು ನನಗೆ ಆಗ ಅರ್ಥವಾಯಿತು.

"ಅವ್ವ, ನಿಂದೂ..." ಎಂದ ಜಯಕುಮಾರ್.

"ನಂಗೊತ್ತಿತ್ತು" ಎಂದರು ಅವನ ಅಪ್ಪ. ಆ ಮನುಷ್ಯ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮೊದಲು ನಕ್ಕವಳು ರಮ್ಯಾ. ಆಮೇಲೆ ವೆಂಕಟಲಕ್ಷ್ಮಮ್ಮ ಸೆರಗಿನೊಳಗೇ ನಗಲು ಶುರುಮಾಡಿ, ಮುಚ್ಚಿಕೊಳ್ಳಲಾಗದೆ ಸೆರಗು ಬಿಟ್ಟು ನಕ್ಕರು. ಚಪ್ಪರದ ಮೂಲೆಯಿಂದ ರಾಮಲಿಂಗಯ್ಯ ಮೇಷ್ಟ್ರು ಎದ್ದು ಬಂದು ತಟ್ಟೆಯನ್ನೂ ಸಿದ್ದಯ್ಯನನ್ನೂ ಒಂದೊಂದು ಸಲ ನೋಡಿದರು. ಎರಡು ವರ್ಷದ ಬಾಕಿಯನ್ನು ತೀರಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಅವರಿಗೆ ಸಿಗುತ್ತಿರಲಿಲ್ಲ. ಆದರೆ ಹಲ್ಲೆಲ್ಲ ಬಿಟ್ಟು ನಕ್ಕು, "ಬಾರಯ್ಯ ಸಿದ್ದಯ್ಯ, ಇನ್ಮೇಲೆ ನಮ್ ಸೆಟ್ಟಿಗೆ ಸೇರ್ಕೊ" ಎಂದಷ್ಟೇ ಹೇಳಿದರು.

ವೆಂಕಟಲಕ್ಷ್ಮಮ್ಮ ಕಣ್ಣೊರೆಸಿಕೊಂಡು, ತಮ್ಮ ಬೀದಿಯ ಹೆಂಗಸರ ಕಡೆಗೆ ತಿರುಗಿ, "ಸೆಟ್ಟು ನೋಡಾಯ್ತಲ್ಲ, ಇನ್ನೇನು ನಿಂತಿದ್ದೀರಿ? ಕೂತ್ಕಳಿ, ಶಾಸ್ತ್ರ ನಡೀಲಿ" ಎಂದರು. ತಾಂಬೂಲ ಬದಲಾಯಿಸುವ ಮುಂಚೆ ಹಲ್ಲನ್ನು ತಟ್ಟೆಯಿಂದ ತೆಗೆಯಬೇಕೆಂದು ನಾನೇ ನೆನಪಿಸಬೇಕಾಯಿತು.

ಮದುವೆ ಚೆನ್ನಾಗಿ ನಡೆಯಿತು. ಬೀಗರೂಟದಲ್ಲಿ ಬೀಗ ಬೀಗಿತ್ತಿ ಇಬ್ಬರೂ ಎದುರುಬದುರು ಕೂತು, ಒಂದೆರಡು ಮೂಳೆಯ ಜೊತೆ ಹೋರಾಡಿ, ಕೊನೆಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸೆಟ್ಟು ತೆಗೆದು ಪಕ್ಕಕ್ಕಿಟ್ಟು ಮುದ್ದೆ ನುಂಗಿದರಂತೆ. ನಾನು ಆ ಪಂಕ್ತಿಯಲ್ಲಿರಲಿಲ್ಲ, ಮೇಷ್ಟ್ರು ಹೇಳಿದ್ದು.

ಹೆಣ್ಣು ಒಪ್ಪಿಸಿಕೊಡುವ ಹೊತ್ತಿನಲ್ಲಿ ಮಾತ್ರ ಸಿದ್ದಯ್ಯ ನಿಂತ ಜಾಗದಿಂದ ಅಲುಗಾಡಲಿಲ್ಲ. ಕಾರಿನ ಬಾಗಿಲು ಹಿಡಿದು ರಮ್ಯಾ ಅಳುತ್ತಿದ್ದಳು. ತಾಯಿ ಇದ್ದಿದ್ದರೆ ಏನಾದರೂ ಬುದ್ಧಿ ಹೇಳುತ್ತಿದ್ದಳು. ಸಿದ್ದಯ್ಯನಿಗೆ ಅಂಥ ಮಾತು ಯಾವುದೂ ಬರುವುದಿಲ್ಲ. ಅವನಿಗೆ ಇತ್ತೀಚೆಗೆ ಯಾರಾದರೂ ಬುದ್ಧಿ ಹೇಳಿದ್ದರೆ ಆ ಹಲ್ಲಿನ ಡಾಕ್ಟರು ಒಬ್ಬರೇ. ಸೆಟ್ಟು ತೆಗೆದು ಜೇಬಿಗೆ ಹಾಕಿಕೊಂಡು, ಮಗಳ ತಲೆಯ ಮೇಲೆ ಕೈಯಿಟ್ಟು, ಅದನ್ನೇ ಹೇಳಿದ.

"ಮೊದಮೊದ್ಲು ಒತ್ತುತದೆ ಕಣವ್ವ. ಹೊಸ್ದಲ್ವಾ, ನೋವಾಯ್ತದೆ, ಮಾತು ಸಮ ಬರಲ್ಲ, ಊಟ ರುಚಿ ಹತ್ತಲ್ಲ. ಕಿತ್ತು ಎಸೆಯವ ಅನ್ಸುತ್ತೆ, ಎಸೀಬ್ಯಾಡ. ತೀರಾ ತಡಿಯಕ್ಕಾಗ್ದೆ ಹೋದ್ರೆ ಎರಡ್ ದಿನ ಇಲ್ಲಿಗೆ ಬಂದು ಇದ್ದೋಗು. ಆಮ್ಯಾಕೆ ತಾನಾಗೇ ಸೆಟ್ಟಾಯ್ತದೆ."

ರಮ್ಯಾ ಅಳುತ್ತಲೇ ನಕ್ಕಳು. ಕಾರಿನೊಳಗೆ ಆಗಲೇ ಕೂತಿದ್ದ ವೆಂಕಟಲಕ್ಷ್ಮಮ್ಮ ಅವಳಿಗೆ ಜಾಗ ಬಿಟ್ಟು ಆ ಬದಿಗೆ ಸರಿದು ಕೂತರು.

"ಬಾರವ್ವ, ಈ ಕಡೆ ಕೂತ್ಕೊ" ಎಂದರು. "ಎಡಗಡೆ ಒಸಿ ಒತ್ತುತೀನಿ ನಾನು, ಬೇಜಾರ್ ಮಾಡ್ಕೊಬೇಡ."